ಆ ಸೂರ್ಯ ಯಾವ ಊರಿನ ಸೂರ್ಯ?

ಪ್ರಶ್ನೆ: ನನ್ನ ಮಗ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾನೆ. ಜೂನ್ ಎರಡನೇ ಶನಿವಾರ ಆರು ಗೆಳೆಯರ ಜೊತೆ ಮಹಾರಾಷ್ಟ್ರದ ಕಳಸೂಬಾಯಿ ಶಿಖರ ಹತ್ತಲು ಹೊರಟಿದ್ದಾನೆ. ಹಾಗೇ ಭಂಡಾರದರಾದಲ್ಲಿ ಮಿಣುಕು ಹುಳ ನೋಡುತ್ತಾರಂತೆ. ಹವಾಮಾನ ನೋಡಿದ್ದೀಯೇನೋ ಎಂದರೆ ಮೊಬೈಲ್ ಹಿಡಿಯುತ್ತಾನೆ. ಅದರಲ್ಲಿ ಮೋಡದ ಹಿಂದೆ ಸೂರ್ಯನ ಚಿತ್ರ, ಮಳೆ 40 ಪರ್ಸೆಂಟ್. ಕಳಿಸಲೋ ಬೇಡವೋ?
– ಒಬ್ಬ ತಾಯಿ, ಬೈಲಹೊಂಗಲ

ಉತ್ತರ: ಅಕ್ಕಾರೇ, ಮಗನಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಆ ಸೂರ್ಯ ಯಾವ ಊರಿನ ಸೂರ್ಯ?

ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಬೆಳಗಾವಿಯಲ್ಲಿ ಪಿ.ಇ. ಮೇಷ್ಟ್ರಾಗಿದ್ದಾಗ ಹನ್ನೊಂದು ಹುಡುಗರನ್ನು ಇದೇ ಕಳಸೂಬಾಯಿಗೆ ಕರೆದುಕೊಂಡು ಹೋಗಿದ್ದೆ. ಅದೂ ಜೂನ್ ತಿಂಗಳೇ. ಹೊರಡುವ ಮುಂಚೆ ನಾಶಿಕ್ ಪೇಟೆಯ ಹವಾಮಾನ ನೋಡಿದ್ದೆ, ಚೆನ್ನಾಗಿತ್ತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಮಂಜು ಇಳಿಯಿತು. ಹತ್ತು ಹೆಜ್ಜೆ ಮುಂದಿದ್ದ ಹುಡುಗ ಕಾಣಿಸುತ್ತಿರಲಿಲ್ಲ. ಕಬ್ಬಿಣದ ಏಣಿಯ ಹತ್ತಿರ ಮೇಲಿಂದ ಇಳಿಯುವವರು, ಕೆಳಗಿಂದ ಹತ್ತುವವರು, ಎಲ್ಲರೂ ಮಳೆಯಲ್ಲಿ ನಿಂತೆವು. ಒಬ್ಬ ಹುಡುಗನಿಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ನನ್ನ ಅಂಗಿ ತೆಗೆದು ಅವನಿಗೆ ಹಾಕಿದೆ, ಅದೂ ಒದ್ದೆ. ಶಿಖರ ಬಿಟ್ಟು ಇಳಿದೆವು. ಬುಡದ ಬಾರಿ ಊರಿಗೆ ಬಂದಾಗ ಕತ್ತಲಾಗಿತ್ತು. ಅವತ್ತು ಒಬ್ಬೊಬ್ಬರನ್ನೇ ಎಣಿಸಿಕೊಂಡದ್ದು ನನಗೆ ಇವತ್ತಿಗೂ ನೆನಪಿದೆ.

ಅಂದು ನಾನು ನೋಡಿದ್ದು ಪೇಟೆಯ ಆಕಾಶ. ಹತ್ತಿದ್ದು 1,646 ಮೀಟರ್ ಎತ್ತರದ ಗುಡ್ಡ, ಇಡೀ ಮಹಾರಾಷ್ಟ್ರಕ್ಕೆ ಎತ್ತರದ್ದು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ನಮ್ಮ ಬೆಳಗಾವಿ ಇರುವುದು 750 ಮೀಟರ್ ಆಸುಪಾಸು. ಇಲ್ಲಿಗಿಂತ ಅಲ್ಲಿ ಐದಾರು ಡಿಗ್ರಿ ಕಡಿಮೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಗಾಳಿ, ಒದ್ದೆ ಬಟ್ಟೆ.

ಮಳೆಯ ಲೆಕ್ಕ ನಿಮಗೆ ನಾನು ಹೇಳಬೇಕಾಗಿಲ್ಲ. ಕಣಕುಂಬಿಯಲ್ಲಿ ಹಗಲು ರಾತ್ರಿ ಹೊಡೆಯುವಾಗ ನಿಮ್ಮ ಬೈಲಹೊಂಗಲದಲ್ಲಿ ರೈತರು ಮೋಡ ನೋಡುತ್ತಾ ಕೂತಿರುತ್ತಾರೆ. ಎರಡೂ ಒಂದೇ ಜಿಲ್ಲೆ ಅಲ್ವಾ? ಕಳಸೂಬಾಯಿ ಕಥೆಯೂ ಅದೇ. ಅದು ಇರುವುದು ಅಹಿಲ್ಯಾನಗರ ಜಿಲ್ಲೆಯಲ್ಲಿ, ಅಂದರೆ ಮೊದಲಿನ ಅಹಮದ್‌ನಗರ. ಆ ಜಿಲ್ಲೆಯ ಬಹುಪಾಲು ಒಣ ನೆಲ. ಶಿಖರ ಮಾತ್ರ ಪಶ್ಚಿಮದ ಅಂಚಿನಲ್ಲಿ, ಸಹ್ಯಾದ್ರಿಯ ಮೇಲೆ, ಅರಬ್ಬೀ ಸಮುದ್ರದ ಮೋಡ ಬಂದು ಡಿಕ್ಕಿ ಹೊಡೆಯುವ ಜಾಗದಲ್ಲಿದೆ. ಹಾಗಾಗಿ ಜಿಲ್ಲೆಯ ಹೆಸರು ಹಾಕಿ ನೋಡಿದರೆ ಮೋಸ ಹೋಗುತ್ತೀರಿ. ಹವಾಮಾನ ಇಲಾಖೆಯ ಮುಂಬೈ ಕಚೇರಿ ಕೊಡುವ ಮುನ್ಸೂಚನೆಯಲ್ಲಿ ಪಕ್ಕದ ನಾಶಿಕ್‌ನ ಘಾಟ್ ಭಾಗಕ್ಕೆ ಏನು ಹೇಳಿದ್ದಾರೆ ಎಂದು ನೋಡಲಿ. ಹಳದಿ ಬಣ್ಣದ ಎಚ್ಚರಿಕೆ ಇದ್ದರೆ ಹುಷಾರು. ಕಿತ್ತಳೆ ಅಥವಾ ಕೆಂಪು ಇದ್ದರೆ ಹತ್ತುವ ಮಾತೇ ಬೇಡ.

40 ಪರ್ಸೆಂಟ್ ಎಂದರೆ ಮಳೆ ಬರುವ ಸಾಧ್ಯತೆ ಅಷ್ಟು, ಅಷ್ಟೇ. ಎಷ್ಟು ಸುರಿಯುತ್ತದೆ, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿ ಇಲ್ಲ. ಇಲಾಖೆಯ ಭಾಷೆಯಲ್ಲಿ 'ಭಾರಿ ಮಳೆ' ಎಂದರೆ ಒಂದು ದಿನಕ್ಕೆ 64.5 ಮಿ.ಮೀ. ದಾಟುವುದು. ಅಷ್ಟು ಬಿದ್ದರೆ ಆ ಹಾದಿಯ ಮೆಟ್ಟಿಲುಗಳೇ ಹಳ್ಳವಾಗುತ್ತವೆ. ಇನ್ನೊಂದು ಮಾತು. ಮುಂಬೈಗೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 11. ನಿಮ್ಮ ಮಗ ಆರಿಸಿಕೊಂಡಿರುವುದು ಅದೇ ವಾರ. ಆಗ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು. ಐದು ದಿನ ಮುಂಚೆ ನೋಡಿದ್ದು ಅಂದಾಜಿಗೆ ಮಾತ್ರ. ಹಿಂದಿನ ರಾತ್ರಿ ಮತ್ತೆ ನೋಡಬೇಕು. ಬೆಳಿಗ್ಗೆ ಹೊರಡುವಾಗ ಮೂರು ಗಂಟೆ ಮುಂದಿನದ್ದನ್ನು ಹೇಳುವ ಇಲಾಖೆಯ ತಕ್ಷಣದ ಸೂಚನೆಯನ್ನೂ ನೋಡಬೇಕು.

ಆದರೆ ಹಾದಿಯ ಸುದ್ದಿಯನ್ನು ಯಾವ ಮೊಬೈಲೂ ಹೇಳುವುದಿಲ್ಲ, ಅದಕ್ಕೆ ಮನುಷ್ಯರೇ ಬೇಕು. ಬಾರಿಯಲ್ಲಿ ಊಟ, ವಸತಿ ಕೊಡುವ ಮನೆಗಳಿವೆ. ತಾವು ಉಳಿಯುವ ಮನೆಗೆ ಹಿಂದಿನ ಸಂಜೆ ಫೋನ್ ಮಾಡಲಿ. ಬೆಳಗಾವಿ ಕಡೆಯ ಹುಡುಗರಿಗೆ ಮರಾಠಿ ಬರದೇ ಇರುತ್ತದೆಯೇ? 'ಹಾದಿ ಹೇಗಿದೆ' ಎಂದಷ್ಟೇ ಕೇಳಿದರೆ 'ಚೆನ್ನಾಗಿದೆ ಬನ್ನಿ' ಎನ್ನುತ್ತಾರೆ. ಬಿಡಿಸಿ ಕೇಳಬೇಕು. ನಿನ್ನೆ ಮಳೆ ಎಷ್ಟು ಹೊತ್ತು ಬಂತು? ಇವತ್ತು ಇಳಿದು ಬಂದವರು ಏನೆಂದರು? ಏಣಿಗಳು ಗಟ್ಟಿ ಇವೆಯಾ? ಮಂಜು ಎಷ್ಟು ಗಂಟೆಗೆ ಇಳಿಯುತ್ತಿದೆ? ಶನಿವಾರ ಎಷ್ಟು ಜನ ಬರುತ್ತಾರೆ? ಜಿಲ್ಲಾಡಳಿತ ಹತ್ತುವುದನ್ನು ನಿಲ್ಲಿಸಿದೆಯಾ? ಅವರ ಬಾಯಲ್ಲಿ 'ನಿಸರಡಂ' ಎಂಬ ಮಾತು ಬಂದರೆ ಹಾದಿ ಜಾರುತ್ತಿದೆ ಎಂದರ್ಥ. ಜನ ಜಾಸ್ತಿ ಎಂದರೆ ಏಣಿಯ ಬಳಿ ಕಾಯಬೇಕು. ಹಾಗಾದರೆ ಶನಿವಾರ ಬಿಟ್ಟು ವಾರದ ನಡುವೆ ಹೋಗುವುದು ಎಷ್ಟೋ ಒಳ್ಳೆಯದು.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಕಡೆ. ಬೈಲಹೊಂಗಲದಿಂದ ಅಲ್ಲಿಗೆ 500 ಕಿ.ಮೀ.ಗೂ ಜಾಸ್ತಿ. ರಾತ್ರಿಯಿಡೀ ಗಾಡಿಯಲ್ಲಿ ಕೂತು ಬಂದ ಹುಡುಗರಿಗೆ ವಾಪಸ್ ಹೋಗೋಣ ಎನ್ನಲು ಬಾಯಿ ಬರುವುದಿಲ್ಲ. ಆದ್ದರಿಂದ ಆ ತೀರ್ಮಾನ ನಿಮ್ಮ ಮನೆಯಲ್ಲೇ, ಚಹಾ ಕುಡಿಯುತ್ತಾ ಆಗಲಿ. ಬೆಳಿಗ್ಗೆ ಐದೂವರೆಗೆ ಹತ್ತುವುದು. ಹನ್ನೊಂದು ಗಂಟೆಗೆ ಎಲ್ಲಿದ್ದರೂ ತಿರುಗುವುದು. ಹತ್ತಲು ಆಗದಿದ್ದರೆ ರತನವಾಡಿಯ ಅಮೃತೇಶ್ವರ ಗುಡಿಗೆ ಹೋಗಿ ಬರುವುದು. ಹಳೆಯ ಕಲ್ಲಿನ ಗುಡಿ, ತುಂಬಾ ಚೆಂದ. ಇದಕ್ಕೆ ಏಳೂ ಜನ ಒಪ್ಪಿದರೆ ಕಳಿಸಿ ಅಕ್ಕಾರೇ. ಒಪ್ಪದಿದ್ದರೆ ನವೆಂಬರ್‌ವರೆಗೆ ಕಾಯಲಿ.

ಪ್ರಶ್ನೆ: ಗುಡ್ಡದ ಮೇಲೆ ಗುಡುಗು ಶುರುವಾದರೆ ತುದಿಯ ಗುಡಿಯೊಳಗೆ ನಿಲ್ಲಬಹುದೇ?
– ಜಮಖಂಡಿಯ ಓದುಗರು

ಉತ್ತರ: ಬೇಡ. ತುದಿಯ ಪುಟ್ಟ ಗುಡಿ ಮಳೆ ತಡೆಯಬಹುದು, ಸಿಡಿಲು ತಡೆಯುವುದಿಲ್ಲ. ಮಿಂಚು ಕಂಡ ಮೇಲೆ ಸದ್ದು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಮೂವತ್ತು ಎಣಿಸುವುದರೊಳಗೆ ಸದ್ದು ಬಂದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ತುದಿ ಬಿಟ್ಟು ಇಳಿಯಿರಿ. ಕಬ್ಬಿಣದ ಏಣಿ, ಸರಪಳಿ, ಒಂಟಿ ಮರದಿಂದ ದೂರವಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಬೇಡಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿ.ಮೀ. ದೂರದೊಳಗಿನ ಸಿಡಿಲನ್ನು ತೋರಿಸುತ್ತದೆ. ಮೇಲೆ ಸಿಗ್ನಲ್ ಸಿಗದೆ ಇರಬಹುದು, ಹತ್ತುವ ಮೊದಲೇ ಕೆಳಗೆ ತೆಗೆದು ನೋಡಿ.