ಟ್ಯೂಬ್ ಬದಲಿಸಿದರೆ ಆಂಪ್ ಸೌಂಡ್ ಬದಲಾಗುತ್ತಾ?

ಗಿಟಾರ್ ಆಂಪ್‌ನ (ಆಂಪ್ಲಿಫೈಯರ್‌ನ) ಟ್ಯೂಬ್‌ಗಳ, ಅಂದ್ರೆ ಸಿಗ್ನಲ್ ಹಿಗ್ಗಿಸುವ ಗಾಜಿನ ವಾಲ್ವ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು ಎರಡು 6ವಿ6 ಟ್ಯೂಬ್ ಇರುವ ಸಣ್ಣ ಕಾಂಬೋ ಆಂಪ್, ಸ್ಪೀಕರ್ ಕೂಡ ಅದೇ ಪೆಟ್ಟಿಗೆಯಲ್ಲಿದೆ. ಕ್ಲೀನ್ ಆಗಿ ನುಡಿಸೋಣ ಅಂದ್ರೆ ವಾಲ್ಯೂಮ್ 3 ದಾಟುತ್ತಿದ್ದಂತೆ ಸೌಂಡ್ ಒಡೆಯುತ್ತದೆ. 3ರ ಕೆಳಗೆ ಇಟ್ಟರೆ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ. ಇರೋ ಟ್ಯೂಬ್ ಎಲ್ಲಾ ತೆಗೆದು ಹಳೇ ಕಾಲದ ಒಳ್ಳೇ ಬ್ರ್ಯಾಂಡ್ ಹಾಕು ಅಂತ ಗೆಳೆಯರ ಒತ್ತಾಯ. ದುಡ್ಡು ದಂಡ ಆಗಲ್ಲ ತಾನೇ?

ಉತ್ತರ: ಎಲ್ಲಾ ಬದಲಿಸಿದರೆ ದಂಡವೇ. ಒಂದೇ ಒಂದು ಟ್ಯೂಬ್ ಬದಲಿಸಿ ನೋಡಿ. ಅದರಲ್ಲೂ ಬದಲಿಸಬೇಕಾದ್ದು ಬ್ರ್ಯಾಂಡ್ ಅಲ್ಲ, ನಂಬರ್.

ಗಿಟಾರ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದನ್ನು ಮೊಟ್ಟಮೊದಲು ಹಿಗ್ಗಿಸುವ ಟ್ಯೂಬಿಗೆ ವಿ1 ಅನ್ನುತ್ತಾರೆ. ಇನ್‌ಪುಟ್ ಜ್ಯಾಕ್‌ಗೆ ಹತ್ತಿರ ಇರೋದೇ ಸಾಮಾನ್ಯವಾಗಿ ಅದು, ಆದರೂ ಕ್ಯಾಬಿನೆಟ್ ಒಳಗೆ ಅಂಟಿಸಿರುವ ಟ್ಯೂಬ್ ಚಾರ್ಟ್ ಒಮ್ಮೆ ನೋಡಿಬಿಡಿ, ಯಾಕಂದ್ರೆ ಎರಡು ಚಾನೆಲ್ ಇರುವ ಆಂಪ್‌ನಲ್ಲಿ ತಾವು ಬಳಸದೇ ಇರೋ ಚಾನೆಲ್‌ನ ಟ್ಯೂಬ್ ಬದಲಿಸಿ, ಏನೂ ವ್ಯತ್ಯಾಸ ಆಗಲೇ ಇಲ್ಲ ಅಂತ ದೂರುವವರು ಬೇಕಾದಷ್ಟು ಜನ ಇದ್ದಾರೆ. ವಿ1ರಲ್ಲಿ ಆದ ಒಳ್ಳೆಯದು ಕೆಟ್ಟದ್ದೆಲ್ಲ ಮುಂದಿನ ಟ್ಯೂಬ್‌ಗಳಲ್ಲಿ ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ಬದಲಾವಣೆ ಕಿವಿಗೆ ಎದ್ದು ಕಾಣೋದು ಅಲ್ಲೇ.

ನಿಮ್ಮ ಆಂಪ್‌ನ ಆ ಜಾಗದಲ್ಲಿ ಬಹುಶಃ 12ಎಎಕ್ಸ್7 ಇರುತ್ತದೆ. ಯುರೋಪಿನಲ್ಲಿ ಇದನ್ನೇ ಇಸಿಸಿ83 ಅಂತ ಕರೆಯುತ್ತಾರೆ, ಎರಡೂ ಒಂದೇ. ಇದರ ಹಿಗ್ಗಿಸುವ ಶಕ್ತಿಯನ್ನು, ಅಂದ್ರೆ ಗೇನ್ ಅನ್ನು, 100 ಅಂತ ಲೆಕ್ಕ ಇಡುತ್ತಾರೆ. ಇದೇ ಸಾಕೆಟ್‌ಗೆ ಕೂರುವ ಬೇರೆ ಟ್ಯೂಬ್‌ಗಳಿವೆ: 5751ಕ್ಕೆ 70, 12ಎಟಿ7ಗೆ 60, 12ಎವೈ7ಗೆ ಸುಮಾರು 44, 12ಎಯು7ಗೆ 20ರ ಆಸುಪಾಸು. ಸರ್ಕ್ಯೂಟ್ ಒಳಗೆ ಕೂತ ಮೇಲೆ ಯಾವುದೂ ಪೂರ್ತಿ ಅಷ್ಟು ಕೊಡುವುದಿಲ್ಲ, ಆದರೆ ಈ ಇಳಿಜಾರು ಮಾತ್ರ ಹೀಗೇ ಇರುತ್ತದೆ.

ನಿಮಗೆ ನಾನು ಹೇಳೋದು 12ಎವೈ7. 1950ರ ದಶಕದ ಕೊನೆಯ ಫೆಂಡರ್ ಬ್ಯಾಸ್‌ಮನ್ ಆಂಪ್‌ನಲ್ಲಿ ಮೊದಲ ಜಾಗದಲ್ಲಿ ಇದ್ದದ್ದು ಇದೇ. ಅದೇ ಸರ್ಕ್ಯೂಟ್ ನೋಡಿಕೊಂಡು 1960ರ ದಶಕದ ಆರಂಭದಲ್ಲಿ ಮಾರ್ಷಲ್‌ನವರು ಜೆಟಿಎಂ45 ಮಾಡಿದಾಗ ಅಲ್ಲಿ ಇಸಿಸಿ83 ಕೂರಿಸಿದರು. ಮಾರ್ಷಲ್ ಬೇಗ ಒಡೆಯುವುದಕ್ಕೆ ಇದೂ ಒಂದು ಕಾರಣ. ನೀವು ಅದನ್ನೇ ಉಲ್ಟಾ ಮಾಡುತ್ತಿದ್ದೀರಿ ಅಷ್ಟೇ. ಅಷ್ಟೊಂದು ಇಳಿಸೋದು ಬೇಡ ಅನ್ನಿಸಿದರೆ 5751 ಹಾಕಿ. 12ಎಟಿ7 ಕೂಡ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಒಗ್ಗುವ ಕರೆಂಟ್ ಬೇರೆ, 12ಎಎಕ್ಸ್7ಗೆ ಅಂತ ಹಾಕಿದ ರೆಸಿಸ್ಟರ್‌ಗಳ ಮಧ್ಯೆ ಅದು ಸ್ವಲ್ಪ ಬಿಗಿಯಾಗಿ, ಒಣಗಿದ ಹಾಗೆ ಕೇಳುತ್ತದೆ. ನನಗಂತೂ ಇಷ್ಟ ಇಲ್ಲ.

ಚುಚ್ಚುವ ವಿಷಯಕ್ಕೂ ಇದರಿಂದಲೇ ಉಪಕಾರ ಆಗಬಹುದು. ತುಂಬಾ ಆಂಪ್‌ಗಳಲ್ಲಿ ವಾಲ್ಯೂಮ್ ಕಂಟ್ರೋಲ್‌ಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದಕ್ಕೆ ಬ್ರೈಟ್ ಕ್ಯಾಪ್ ಅಂತ ಹೆಸರು. ವಾಲ್ಯೂಮ್ ಕಡಿಮೆ ಇದ್ದಾಗ ಅದು ತೆಳುವಾದ ಸ್ವರಗಳನ್ನು ಮಾತ್ರ ಪಕ್ಕದ ದಾರಿಯಲ್ಲಿ ಬಿಟ್ಟುಬಿಡುತ್ತದೆ, ಅದಕ್ಕೇ 2ರಲ್ಲಿ, 3ರಲ್ಲಿ ಆ ಚೂಪು. ನಾಬ್ ಮೇಲೆ ಹೋದಂತೆ ಅದರ ಆಟ ಕಮ್ಮಿಯಾಗುತ್ತದೆ. ಕಡಿಮೆ ಗೇನ್ ಟ್ಯೂಬ್ ಹಾಕಿದರೆ ಅಷ್ಟೇ ಸೌಂಡಿಗೆ ನಾಬನ್ನು 5ಕ್ಕೋ 6ಕ್ಕೋ ಏರಿಸಬೇಕಾಗುತ್ತದೆ, ಆಗ ಚೂಪು ತಾನಾಗಿ ಇಳಿಯುತ್ತದೆ. ಇಷ್ಟಾದ ಮೇಲೂ ಚುಚ್ಚುತ್ತಿದ್ದರೆ ಟ್ಯೂಬ್ ತಂಟೆ ಬಿಡಿ, ಸ್ಪೀಕರ್ ಕಡೆ ನೋಡಿ. ಸ್ಪೀಕರ್ ಬದಲಿಸಿದರೆ ಆಗುವ ವ್ಯತ್ಯಾಸದ ಮುಂದೆ ಟ್ಯೂಬಿನದು ಏನೇನೂ ಅಲ್ಲ.

ಇನ್ನು ಬ್ರ್ಯಾಂಡ್. ವ್ಯತ್ಯಾಸ ಇಲ್ಲ ಅಂತ ನಾನು ಹೇಳಲ್ಲ, ಆದರೆ ಒಂದೇ ಬ್ರ್ಯಾಂಡಿನ ಎರಡು ಟ್ಯೂಬ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದಲ್ಲ. ಅದೂ ಅಲ್ಲದೆ ಗಾಜಿನ ಮೇಲೆ ಬರೆದ ಹೆಸರು ಕಾರ್ಖಾನೆಯ ಹೆಸರೇ ಆಗಿರಬೇಕು ಅಂತೇನಿಲ್ಲ. ಹಳೇ ಮುಲ್ಲಾರ್ಡ್ ಅಂದ್ರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು. ಈಗಿನ ಕಾಲದಲ್ಲಿ ಅದೇ ಹೆಸರಲ್ಲಿ ಹೊಸದಾಗಿ ಮಾಡಿ ಮಾರುವುದು ರಷ್ಯಾದ ಸರಾಟೋವ್‌ನಲ್ಲಿ ತಯಾರಾದದ್ದು. ಕೆಟ್ಟದ್ದು ಅಂತಲ್ಲ, ಹಳೆಯದು ಅಲ್ಲ ಅಷ್ಟೇ. ನಿಜವಾದ ಹಳೇ ಸರಕಿನಲ್ಲೂ ಅಕ್ಷರ ಉಜ್ಜಿದರೆ ಹೋಗುತ್ತದೆ, ಬೇರೆ ಹೆಸರು ಅಚ್ಚು ಹಾಕುವುದು ದೊಡ್ಡ ವಿದ್ಯೆಯೇನಲ್ಲ.

ಹೋಲಿಸಿ ನೋಡುವಾಗ ಇನ್ನೊಬ್ಬರ ಕೈಲಿ ಬದಲಿಸಿ, ಯಾವುದು ಹಾಕಿದ್ದಾರೆ ಅಂತ ನೀವು ನೋಡಬೇಡಿ. ಎರಡರ ಸೌಂಡೂ ಒಂದೇ ಮಟ್ಟದಲ್ಲಿರಲಿ, ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಸ್ವಭಾವ. ಬದಲಿಸುವ ಮುಂಚೆ ಪ್ಲಗ್ ಕಿತ್ತು, ಗಾಜು ಆರಲು ಬಿಡಿ. ಮೇಲೆ ತಗಡಿನ ಟೋಪಿ ಇದ್ದರೆ ಅದನ್ನು ಒತ್ತಿ ತಿರುಗಿಸಿದರೆ ಬರುತ್ತದೆ. ಟ್ಯೂಬನ್ನು ಸಣ್ಣಗೆ ಸುತ್ತಲೂ ಅಲುಗಾಡಿಸುತ್ತಾ ನೇರ ಎಳೆಯಿರಿ. ಹೊಸದರ ಒಂಬತ್ತು ಪಿನ್‌ಗಳ ನಡುವೆ ಒಂದು ಕಡೆ ಅಂತರ ಜಾಸ್ತಿ ಇರುತ್ತದೆ, ಸಾಕೆಟ್‌ನಲ್ಲೂ ಅಂಥದ್ದೇ ಜಾಗ ಹುಡುಕಿ ಕೂರಿಸಿ. ಕತ್ತಲಲ್ಲಿ ಅಂದಾಜಿನ ಮೇಲೆ ಒತ್ತಿದರೆ ಪಿನ್ ಬಾಗುತ್ತದೆ.

ಪ್ರಶ್ನೆ: ಆಂಪ್‌ನಲ್ಲಿ ಎರಡು 6ಎಲ್6 ಇವೆ. ನನಗೆ ಬೇಕಿರೋದು ಇಎಲ್34ರ ಸೌಂಡ್. ಪಿನ್ ಸರಿಯಾಗಿ ಹೊಂದುತ್ತವೆ ಅಂತ ಕೇಳಿದೆ. ಸುಮ್ನೆ ತೆಗೆದು ಹಾಕಬಹುದಾ?

ಉತ್ತರ: ಬೇಡ. ಹೊಂದುವುದೇ ಇಲ್ಲಿ ಅಪಾಯ, ಒಳಗೆ ಹೋಗದಿದ್ದರೆ ಯಾರೂ ಹಾಕುತ್ತಲೇ ಇರಲಿಲ್ಲ.

ಸಣ್ಣ ಸಿಗ್ನಲ್ ಹಿಗ್ಗಿಸುವ 12ಎಎಕ್ಸ್7ನಂಥ ಪ್ರೀಆಂಪ್ ಟ್ಯೂಬ್ ವಿಷಯದಲ್ಲಿ ಧೈರ್ಯ ಮಾಡಿ ಅಂದೆ, ಸ್ಪೀಕರ್ ಓಡಿಸುವ 6ಎಲ್6, ಇಎಲ್34ನಂಥ ಪವರ್ ಟ್ಯೂಬ್ ಹಾಗಲ್ಲ. ಟ್ಯೂಬನ್ನು ಒಳಗಿಂದ ಕಾಯಿಸುವ ತಂತಿಯೇ ಹೀಟರ್. 6ಎಲ್6ರ ಹೀಟರ್ 0.9 ಆಂಪಿಯರ್ ತೆಗೆದುಕೊಂಡರೆ ಇಎಲ್34ದು 1.5. ಎರಡು ಟ್ಯೂಬ್ ಸೇರಿ 1.2 ಆಂಪಿಯರ್ ಹೆಚ್ಚಾಯಿತು, ಅದನ್ನು ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ ಅಂತ ಮೊದಲು ಗೊತ್ತಾಗಬೇಕು. ಎರಡನೇದು, ಇಎಲ್34ರಲ್ಲಿ 1ನೇ ಪಿನ್ ಅನ್ನು 8ನೇ ಪಿನ್‌ಗೆ ಸೇರಿಸಿರಬೇಕು, ಬರೀ 6ಎಲ್6ಗೆ ಅಂತ ಮಾಡಿದ ಆಂಪ್‌ನಲ್ಲಿ ಆ 1ನೇ ಪಿನ್ ಖಾಲಿ ಇರಬಹುದು, ಅಥವಾ ಯಾವುದೋ ವೈರ್ ಕಟ್ಟಲು ಅದನ್ನು ಬಳಸಿಕೊಂಡಿರಬಹುದು.

ಮೂರನೇದೇ ಮುಖ್ಯ, ಬಯಾಸ್. ನೀವು ನುಡಿಸದೇ ಸುಮ್ಮನೆ ಕೂತಾಗಲೂ ಪವರ್ ಟ್ಯೂಬಿನಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರುತ್ತದೆ. ಎಷ್ಟು ಹರಿಯಬೇಕು ಅಂತ ಹೊಂದಿಸುವುದೇ ಬಯಾಸ್. ಫಿಕ್ಸೆಡ್ ಬಯಾಸ್, ಅಂದ್ರೆ ತಾನಾಗಿ ಹೊಂದಿಕೊಳ್ಳದ ಬಯಾಸ್ ಇರುವ ಆಂಪ್‌ನಲ್ಲಿ ರಿಪೇರಿಯವರು ಟ್ಯೂಬಿನ ಗರಿಷ್ಠ ವ್ಯಾಟ್‌ನ 70 ಶೇಕಡಾ ದಾಟದಂತೆ ನೋಡಿಕೊಳ್ಳುತ್ತಾರೆ. 6ಎಲ್6ಜಿಸಿಯ ಮಿತಿ 30 ವ್ಯಾಟ್, ಅಂದ್ರೆ 21. ಟ್ಯೂಬ್ ಒಳಗಿನ ಲೋಹದ ಪ್ಲೇಟ್‌ನಲ್ಲಿ 450 ವೋಲ್ಟ್ ಇದ್ದರೆ ಸುಮಾರು 46 ಮಿಲಿಆಂಪಿಯರ್ ಆಯಿತು. ಇಎಲ್34ರ ಮಿತಿ 25 ವ್ಯಾಟ್, ಅದೇ ವೋಲ್ಟೇಜ್‌ಗೆ 39ರ ಒಳಗೇ ನಿಲ್ಲಿಸಬೇಕು. ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಸರಿಹೋಗಲ್ಲ. ಇಎಲ್34ಗೆ ಹೊಂದಿಸಿದ ಆಂಪ್‌ಗೆ ಹಾಗೇ 6ಎಲ್6 ತುರುಕಿದರಂತೂ ಕರೆಂಟ್ ಮಿತಿ ಮೀರಿ ಹರಿಯುತ್ತದೆ. ಒಳಗಿನ ಬೂದು ಬಣ್ಣದ ಲೋಹದ ಪ್ಲೇಟ್ ಮೇಲೆ ಮೊದಲು ಮಸುಕಾದ ಒಂದು ಕೆಂಪು ಮಚ್ಚೆ ಕಾಣುತ್ತದೆ, ನೋಡನೋಡುತ್ತಾ ಹರಡುತ್ತದೆ. ಅದು ಕಂಡ ತಕ್ಷಣ ಆಫ್ ಮಾಡಿ, ಯಾಕೆ ಅಂತ ಯೋಚಿಸೋದು ಆಮೇಲೆ.

ಒಂದೇ ನಂಬರಿನ ಹೊಸ ಜೋಡಿ ಹಾಕುವಾಗಲೂ ಬಯಾಸ್ ನೋಡಿಸಿ, ಮ್ಯಾಚ್ ಮಾಡಿದ, ಅಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಕರೆಂಟ್ ಎಳೆಯುವ ಜೋಡಿಯನ್ನೇ ಕೊಳ್ಳಿ. ಕ್ಯಾಥೋಡ್ ಬಯಾಸ್ ಇರುವ ಆಂಪ್ ಆದರೆ ಅದು ತಕ್ಕಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ. ಅಭ್ಯಾಸ ಇಲ್ಲದವರು ಶಾಸಿ (ಸರ್ಕ್ಯೂಟ್ ಇರುವ ಲೋಹದ ತಟ್ಟೆ) ಬಿಚ್ಚಿ ಒಳಗೆ ಕೈ ಹಾಕುವುದು ಮಾತ್ರ ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಮಿಕ್ಕು ಉಳಿದಿರಬಹುದು, ಜೀವಕ್ಕೇ ಅಪಾಯ. ಈ ಕೆಲಸ ಟ್ಯೂಬ್ ಆಂಪ್ ಗೊತ್ತಿರುವ ರಿಪೇರಿಯವರಿಗೇ ಕೊಡಿ.

ಪ್ರಶ್ನೆ: ಕೆಲವು ಸ್ವರ ನುಡಿಸಿದಾಗ ಆಂಪ್ ಒಳಗಿಂದ ಗಾಜು ತಾಗಿದ ಹಾಗೆ ಟಿಂಗ್ ಅಂತ ಬರುತ್ತದೆ. ಜೋರು ಮಾಡಿದರೆ ಕೂಗಲು ಶುರು ಮಾಡುತ್ತದೆ. ಎಲ್ಲಾ ಟ್ಯೂಬ್ ಹೋಗಿವೆಯಾ?

ಉತ್ತರ: ಎಲ್ಲಾ ಇರಲಾರದು, ಒಂದು ಮೈಕ್ರೊಫೋನಿಕ್ ಆಗಿರಬೇಕು. ಅಂದ್ರೆ ಅದರ ಒಳಗಿನ ಭಾಗಗಳು ಸಡಿಲವಾಗಿ, ನಡುಕವನ್ನೇ ಸೌಂಡ್ ಆಗಿ ಮಾಡಿ ಕಳಿಸುತ್ತಿವೆ. ಕಾಂಬೋದಲ್ಲಿ ಸ್ಪೀಕರ್ ಪಕ್ಕದಲ್ಲೇ ಅಲ್ವಾ ಟ್ಯೂಬ್ ಇರೋದು. ಆಂಪ್ ಆನ್ ಮಾಡಿ, ವಾಲ್ಯೂಮ್ ಸ್ವಲ್ಪ ಏರಿಸಿ, ಮರದ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಒಂದೊಂದೇ ಪ್ರೀಆಂಪ್ ಟ್ಯೂಬನ್ನು ಮೆಲ್ಲಗೆ ತಟ್ಟಿ. ಎಲ್ಲದರಿಂದಲೂ ಸಣ್ಣ ಟಕ್ ಕೇಳಬಹುದು, ವಿ1ರಿಂದ ಸ್ವಲ್ಪ ಜಾಸ್ತಿ, ಅದಕ್ಕೆ ಹೆದರಬೇಡಿ. ತಟ್ಟಿದ ಮೇಲೂ ಗುಂಯ್‌ಗುಡುತ್ತಾ ಉಳಿಯುವುದೇ ಕಳ್ಳ. ಅದನ್ನು ಎಸೆಯುವ ಮುಂಚೆ ಸಿಗ್ನಲ್ ಪವರ್ ಟ್ಯೂಬ್‌ಗಳಿಗೆ ಹೋಗುವ ಮುಂಚಿನ ಕೊನೆಯ ಜಾಗದ, ಅಂದ್ರೆ ಫೇಸ್ ಇನ್ವರ್ಟರ್‌ನ ಟ್ಯೂಬ್ ಜೊತೆ ಅದಲು ಬದಲು ಮಾಡಿ ನೋಡಿ, ಎರಡೂ ಒಂದೇ ನಂಬರ್ ಆಗಿದ್ದರೆ ಮಾತ್ರ. ಅಲ್ಲಿಂದ ಮುಂದೆ ಹಿಗ್ಗುವುದು ಕಡಿಮೆ, ಹಾಗಾಗಿ ವಿ1ರಲ್ಲಿ ಗಲಾಟೆ ಮಾಡಿದ ಟ್ಯೂಬ್ ಅಲ್ಲಿ ವರ್ಷಗಟ್ಟಲೆ ಸುಮ್ಮನಿರುವುದುಂಟು.

ಪ್ರಶ್ನೆ: ಪವರ್ ಟ್ಯೂಬ್‌ಗಳಲ್ಲಿ ನೀಲಿ ಬೆಳಕು ಕಾಣುತ್ತಿದೆ. ಬದಲಿಸಬೇಕಾ?

ಉತ್ತರ: ಗಾಜಿನ ಒಳಮೈಗೆ ಅಂಟಿದ ಹಾಗೆ, ಗಿಟಾರ್ ಜೊತೆ ಕುಣಿಯುವ ನೀಲಿ ಆದರೆ ಏನೂ ತೊಂದರೆ ಇಲ್ಲ. ಪ್ಲೇಟ್‌ಗಳ ಮಧ್ಯೆ ನೇರಳೆ ಹೊಗೆ ತುಂಬಿದಂತೆ ಕಂಡರೆ ಒಳಗೆ ಗ್ಯಾಸ್ ಸೇರಿದೆ, ತೆಗೆದುಬಿಡಿ. ಗಾಜಿನ ಮೇಲಿನ ಬೆಳ್ಳಿ ಮಚ್ಚೆ ಹಾಲಿನಂತೆ ಬೆಳ್ಳಗಾಗಿದ್ದರೆ ಆನ್ ಮಾಡಿ ನೋಡುವ ಕೆಲಸವೂ ಇಲ್ಲ, ಗಾಳಿ ಹೊಕ್ಕಿದೆ ಅಂತಲೇ ಅರ್ಥ.