ರೆಪ್ಪೆಗೂದಲು ಕಿತ್ತರೆ ಸಾಲದು

ಇಥಿಯೋಪಿಯಾದಲ್ಲಿ ನಿಮ್ಮ ಮನೆ ಮಾಲೀಕರ ತಾಯಿ ಚಿಮಟದಿಂದ ರೆಪ್ಪೆಗೂದಲು ಕೀಳುತ್ತಲೇ ಇರುತ್ತಾರೆ, ಕಣ್ಣಲ್ಲಿ ನೀರು ಸುರಿಯುತ್ತದೆ ಅಂದಿದ್ದೀರಿ. ಇದು ಬಹುತೇಕ ಟ್ರಕೋಮಾ ಎಂಬ ಕಣ್ಣಿನ ಸೋಂಕುರೋಗದ ಮುಂದುವರಿದ ಹಂತ. ಚಿಕ್ಕಂದಿನಿಂದ ಮತ್ತೆ ಮತ್ತೆ ಸೋಂಕು ತಗುಲಿ ಮೇಲ್ರೆಪ್ಪೆಯ ಒಳಗೆ ಕಲೆಗಟ್ಟಿ, ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಕೂದಲು ಕಣ್ಣುಗುಡ್ಡೆಯನ್ನು ಉಜ್ಜುತ್ತದೆ. ಕಿತ್ತರೂ ಮತ್ತೆ ಹುಟ್ಟುತ್ತದೆ, ಮುರಿದ ಮೋಟು ಇನ್ನೂ ಚುಚ್ಚುತ್ತದೆ.

ಮೊದಲು ಟಾರ್ಚ್ ಹಿಡಿದು ಕರಿಗುಡ್ಡೆ ನೋಡಿ. ಬಿಳಿ ಮಚ್ಚೆಯೋ ಜೋರು ನೋವೋ ಇದ್ದರೆ ಅವತ್ತೇ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲವಾದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರೆಪ್ಪೆ ಆಪರೇಷನ್ ಯಾವಾಗ ಅಂತ ವಿಚಾರಿಸಿ. ಅಲ್ಲಿ ತರಬೇತಾದ ನರ್ಸ್‌ಗಳೇ ರೆಪ್ಪೆಯ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಉಜ್ಜುವುದು ಸಾಮಾನ್ಯವಾಗಿ ನಿಲ್ಲುತ್ತದೆ, ಆದರೆ ಕೆಲವರಿಗೆ ಮರುಕಳಿಸಬಹುದು; ಮಂಜಾದ ದೃಷ್ಟಿ ಎಷ್ಟು ಮರಳುತ್ತದೋ ಕಣ್ಣು ನೋಡದೆ ಹೇಳಲಾಗದು. ಅಲ್ಲಿಯವರೆಗೆ ಅಂಗಡಿಯ ಸ್ಟಿರಾಯ್ಡ್ ಹನಿ ಮಾತ್ರ ಬೇಡ. ಮನೆಯ ಮಕ್ಕಳ ಕಣ್ಣನ್ನೂ ಅವತ್ತೇ ತೋರಿಸಿ, ಸೋಂಕಿದ್ದರೆ ಅಜಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ.