ಎಲ್ಲ ಇದ್ದೂ ಸಂಜೆ ಖಾಲಿ ಅನಿಸುತ್ತದೆ, ಏನು ಮಾಡಲಿ? ನನಗೆ ರೊಟ್ಟಿ ಬಡಿಯುವುದರಿಂದ ಶುರುವಾಯಿತು

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಬಳ್ಳಾರಿಯಲ್ಲಿ ರೂಮು ಮಾಡಿಕೊಂಡು ಒಬ್ಬರೇ ಇದ್ದೀರಿ. ಕೆಲಸ ಇದೆ, ಸಾಲ ಇಲ್ಲ, ಊರಲ್ಲಿ ಅಪ್ಪ-ಅಮ್ಮ ಆರಾಮಾಗಿದ್ದಾರೆ. ಆದರೂ ಸಂಜೆ ಏಳಕ್ಕೆ ರೂಮಿನ ಬೀಗ ತೆಗೆದರೆ ಏನೋ ಖಾಲಿ ಅನಿಸುತ್ತದೆ. ಖುಷಿಯಾಗಿರಲು ದಿನಾ ಯಾವ ಅಭ್ಯಾಸ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನಾನು ಕೊಪ್ಪಳದವನು, ವಯಸ್ಸು 51. ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ಊಟ ಮಾಡಿ ಮೊಬೈಲ್ ಹಿಡಿದರೆ ರಾತ್ರಿ ಒಂದಾಗುತ್ತಿತ್ತು. ಬೆಳಿಗ್ಗೆ ಏಳುವಾಗಲೇ ಸಿಟ್ಟು. ಮಗಳು ಏನಾದರೂ ಹೇಳುತ್ತಿದ್ದರೆ "ಹೂಂ, ಹೂಂ" ಅನ್ನುತ್ತಿದ್ದೆ. ಅವಳು ಏನು ಹೇಳಿದಳು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಒಂದು ದಿನ ಅವಳು ಹೇಳುವುದನ್ನೇ ಬಿಟ್ಟಳು. ಅದು ನನ್ನ ಗಮನಕ್ಕೆ ಬಂದದ್ದು ವಾರದ ಮೇಲೆ.

ಆ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ನಮ್ಮ ಕಡೆ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದಂತೆಯೇ ಅಲ್ಲ, ನಿಮಗೂ ಗೊತ್ತು. ಮೂರು ದಿನ ಕಟಕ್ ರೊಟ್ಟಿ ಕೊಂಡು ತಂದೆ. ನಾಲ್ಕನೇ ದಿನ ಅವಳು, "ರೀ, ನೀವ ಬಡೀರಿ. ನಾ ಕುಂತು ಹೇಳ್ತೀನಿ" ಅಂದಳು.

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಎಳೆದರೆ ಬರುವ ಗುಣ ಇಲ್ಲ. ಕುದಿಯುವ ನೀರು ಬಿದ್ದರೇ ಅದು ಒಂದಾಗುವುದು. ಹಿಟ್ಟಿನ ನಡುವೆ ಗುಂಡಿ ಮಾಡಿ ನೀರು ಹಾಕಬೇಕು, ಸ್ವಲ್ಪ ಆರಲು ಬಿಟ್ಟು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಉಂಡೆ ಮಾಡಿ, ಒಣ ಹಿಟ್ಟು ಉದುರಿಸಿ ಬಡಿಯಬೇಕು. ಬಡಿಯುವ ಕೈಯ ಏಟಿಗೇ ರೊಟ್ಟಿ ತಿರುಗುತ್ತಾ ಹೋಗಬೇಕು. ತಿರುಗದಿದ್ದರೆ ಒಂದು ಕಡೆ ತೆಳುವಾಗಿ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು. ಆ ನೀರು ಇನ್ನೇನು ಆರುತ್ತದೆ ಅನ್ನುವಾಗ ಮಗುಚಬೇಕು. ಮೊದಲೇ ಮಗುಚಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಬಿರಿಯುತ್ತದೆ.

ಹತ್ತು-ಹನ್ನೆರಡು ದಿನ ಕಳೆದ ಮೇಲೆ ರೊಟ್ಟಿ ಉಬ್ಬತೊಡಗಿದವು. ಅದಕ್ಕಿಂತ ಮುಂಚೆಯೇ ಇನ್ನೊಂದು ವಿಷಯ ಗೊತ್ತಾಗಿತ್ತು. ಆ ನಲವತ್ತು ನಿಮಿಷ ನನ್ನ ತಲೆಯಲ್ಲಿ ಅಂಗಡಿಯ ಉದ್ರಿ ಇರುತ್ತಿರಲಿಲ್ಲ, ನಾಳೆಯ ಚಿಂತೆ ಇರುತ್ತಿರಲಿಲ್ಲ. ಹಿಟ್ಟು ಹತ್ತಿದ ಕೈಯಲ್ಲಿ ಮೊಬೈಲ್ ಮುಟ್ಟಲು ಆಗುವುದಿಲ್ಲ ಅಲ್ವಾ? ಹೆಂಡತಿ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಳು. ಮಗಳೂ ಬಂದು ಬಾಗಿಲಿಗೆ ಒರಗಿ ನಿಲ್ಲತೊಡಗಿದಳು. ಕಾಲೇಜಿನ ಮಾತು ಮತ್ತೆ ಶುರುವಾಯಿತು.

ಆಮೇಲೆ ಓದಿ ತಿಳಿದೆ. 2010ರಲ್ಲಿ ಅಮೆರಿಕದ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು ಸುಮಾರು 2,250 ಜನರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ಕೇಳಿದರಂತೆ: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರ ಮೇಲೇ ಇದೆಯಾ, ಹೇಗನಿಸುತ್ತಿದೆ? ಕೇಳಿದ ಸಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಶೇ. 47, ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನ ಕಡಿಮೆ ಖುಷಿಯಾಗಿದ್ದರು. ಮಾಡುತ್ತಿರುವ ಕೆಲಸ ಯಾವುದು ಎನ್ನುವುದಕ್ಕಿಂತ ಮನಸ್ಸು ಅಲ್ಲಿದೆಯೋ ಇಲ್ಲವೋ ಎನ್ನುವುದೇ ದೊಡ್ಡದಾಗಿತ್ತು. ಇದನ್ನು ಓದಿದಾಗ ನನಗೆ ಹಂಚಿನ ಮುಂದೆ ಕೂತ ಸಂಜೆಗಳೇ ನೆನಪಾದವು.

ಪ್ಲಾಸ್ಟರ್ ತೆಗೆದ ಮೇಲೂ ನಾನು ಬಿಡಲಿಲ್ಲ. ಸಂಜೆಯ ರೊಟ್ಟಿ ಇವತ್ತಿಗೂ ನನ್ನದೇ.

ರೊಟ್ಟಿ ಜಾಸ್ತಿ ಆಗತೊಡಗಿದಾಗ ಪಕ್ಕದ ಮನೆಯ ಅಜ್ಜಿಗೆ ಎರಡು ಕೊಡುವುದು ರೂಢಿಯಾಯಿತು. ಅಜ್ಜಿ ಖಾಲಿ ತಟ್ಟೆ ವಾಪಸ್ ಕೊಡುವವಳಲ್ಲ. ಒಂದು ದಿನ ಶೇಂಗಾ ಚಟ್ನಿಪುಡಿ, ಇನ್ನೊಂದು ದಿನ ಪುಂಡಿಪಲ್ಯ. ನಮ್ಮ ಗವಿಮಠದ ಜಾತ್ರೆ ನೀವು ನೋಡಿರಬಹುದು. ಜನವರಿಯಲ್ಲಿ ಸುತ್ತಮುತ್ತಲ ಊರುಗಳಿಂದ ದಾಸೋಹಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ. ಓಣಿಯ ಹೆಂಗಸರೆಲ್ಲ ಒಂದೇ ಕಡೆ ಕೂತು ಬಡಿಯುವಾಗ ಅವರ ಮುಖ ನೋಡಬೇಕು. ಬೆನ್ನು ನೋಯುತ್ತಿರುತ್ತದೆ, ಹೊಗೆಗೆ ಕಣ್ಣು ಉರಿಯುತ್ತಿರುತ್ತದೆ, ಆದರೂ ನಗು ನಿಲ್ಲುವುದಿಲ್ಲ. ಎರಡು ವರ್ಷದಿಂದ ನಾನೂ ಅಲ್ಲಿ ಕೂರುತ್ತೇನೆ. ಮೊದಲ ವರ್ಷ ಎಲ್ಲರೂ ತಿರುಗಿ ನೋಡಿದರು, ಈಗ ಜಾಗ ಬಿಡುತ್ತಾರೆ.

ಇದಕ್ಕೂ ಪರೀಕ್ಷೆ ನಡೆದಿದೆ. 2008ರಲ್ಲಿ ಕೆನಡಾದಲ್ಲಿ ಎಲಿಜಬೆತ್ ಡನ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಕೆಲವರಿಗೆ 5 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಅರ್ಧ ಜನ ತಮಗೇ ಖರ್ಚು ಮಾಡಿಕೊಳ್ಳಬೇಕು, ಉಳಿದರ್ಧ ಬೇರೆಯವರಿಗೆ. ಸಂಜೆ ಕೇಳಿದರೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಹಣ ಐದೋ ಇಪ್ಪತ್ತೋ ಎನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ನಿಮಗೂ ಇದೇ ಹೇಳುತ್ತೇನೆ, ಕೊಡುವುದು ದೊಡ್ಡದಾಗಿರಬೇಕಿಲ್ಲ. ದಿನಾ ಇರಬೇಕು, ಕಣ್ಣೆದುರಿನ ಒಬ್ಬ ಮನುಷ್ಯನಿಗೆ ತಲುಪಬೇಕು.

ಇನ್ನು ಮಾತು. ಅಂಗಡಿಗೆ ರೈತರು ಬಂದರೆ ನಾನು ತಲೆ ಎತ್ತದೆ ಬಿಲ್ ಬರೆದು ಕೊಡುತ್ತಿದ್ದೆ. ಜೂನ್ ತಿಂಗಳ ಗದ್ದಲದಲ್ಲಿ ಮಾತಾಡಿದರೆ ಹೊತ್ತು ಹಾಳು ಅನ್ನುವ ಲೆಕ್ಕ. ಈಗ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. "ನಿಮ್ಮ ಕಡೆ ಮಳಿ ಹೆಂಗೈತ್ರಿ ಯಜ್ಜಾ?" ಅಂದರೆ ಸಾಕು, "ಚಲೋ ಆಗೇತಿ ತಮ್ಮಾ, ಸಜ್ಜಿ ಬಿತ್ತೀವಿ" ಎಂದು ಶುರು ಮಾಡುತ್ತಾರೆ. ಅರ್ಧ ನಿಮಿಷದ ಮಾತು. ಇಂಥ ಇಪ್ಪತ್ತು ಅರ್ಧ ನಿಮಿಷ ಸೇರಿದ ದಿನ ನಾನು ಮನೆಗೆ ಹೋಗುವಾಗ ಹಗುರಾಗಿರುತ್ತೇನೆ. ನಿಮಗೆ ಸಂಜೆ ಖಾಲಿ ಅನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನ್ನ ಅನಿಸಿಕೆ. ಈಗ ಯಾರ ಜೊತೆಗೂ ಮಾತಾಡದೆ ಒಂದಿಡೀ ದಿನ ಕಳೆಯಬಹುದು. ಊಟ ಆ್ಯಪ್‌ನಲ್ಲಿ ಬರುತ್ತದೆ, ದುಡ್ಡು ಸ್ಕ್ಯಾನ್ ಮಾಡಿದರೆ ಹೋಗುತ್ತದೆ. ದಯವಿಟ್ಟು ಒಂದೇ ಚಹಾ ಅಂಗಡಿಗೆ ದಿನಾ ಒಂದೇ ಹೊತ್ತಿಗೆ ಹೋಗಿ. ಒಗ್ಗರಣೆ-ಮಿರ್ಚಿಯನ್ನು ಪಾರ್ಸೆಲ್ ತರಬೇಡಿ, ಅಲ್ಲೇ ನಿಂತು ತಿನ್ನಿ. ಹದಿನೈದು ದಿನಕ್ಕೆ ಅಂಗಡಿಯವರು ನಿಮ್ಮ ಮುಖ ಗುರುತಿಸುತ್ತಾರೆ, ತಿಂಗಳಿಗೆ "ನಿನ್ನೆ ಬರ್ಲಿಲ್ಲಲ್ಲ?" ಎಂದು ಕೇಳುತ್ತಾರೆ. ಹಾಗೆ ಒಬ್ಬರು ಕೇಳುವುದು ಎಷ್ಟು ಮುಖ್ಯ ಎಂದು ಕೇಳಿಸಿಕೊಂಡ ದಿನವೇ ನಿಮಗೆ ಗೊತ್ತಾಗುತ್ತದೆ.

ನಿದ್ದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲ್ ಚಾರ್ಜರನ್ನು ಅಡುಗೆಮನೆಗೆ ಸಾಗಿಸಿದೆ, ಅಷ್ಟೇ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವೆ, ಬೆಳಕು ಹರಿಯುವಾಗ ತಾನೇ ಎಚ್ಚರವಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದರಿಂದ ಅದನ್ನು ಬಿಸಿಲೇರುವ ಮೊದಲೇ ಮುಗಿಸಿಬಿಡಿ.

ನಾನು ಬೆಳಿಗ್ಗೆ ಗವಿಮಠದ ಕಡೆ ನಡೆಯುತ್ತೇನೆ. ಆ ಬೆಟ್ಟದಲ್ಲಿ ಅಶೋಕನ ಶಾಸನ ಇದೆ. ಊರಿನ ಇನ್ನೊಂದು ಕಡೆ ಪಾಲ್ಕಿಗುಂಡಿನಲ್ಲೂ ಇದೆ. ಅದರ ಅರ್ಥ ತಿಳಿದುಕೊಂಡ ಮೇಲೆ ನನಗೆ ಬಹಳ ಧೈರ್ಯ ಬಂತು. ಅಷ್ಟು ದೊಡ್ಡ ರಾಜ ಅಲ್ಲಿ ಹೇಳುವುದು ಇದು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲ ಒಂದು ವರ್ಷ ನಾನು ಅಷ್ಟು ಮನಸ್ಸಿಟ್ಟು ಮಾಡಲಿಲ್ಲ, ಆಮೇಲೆ ಮಾಡಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಫಲ ಸಿಗುತ್ತದೆ ಎಂದೂ ಇದೆ. ಸುಮಾರು 2,200 ವರ್ಷಕ್ಕೂ ಹಳೆಯ ಮಾತು. ನಿಮ್ಮ ಅಭ್ಯಾಸವೂ ನಡುವೆ ಬಿಟ್ಟುಹೋಗುತ್ತದೆ. ಹೋಗಲಿ. ನನ್ನ ನಡಿಗೆ ಒಂದು ಮಳೆಗಾಲ ಪೂರ್ತಿ ನಿಂತಿತ್ತು, ದಸರಾಕ್ಕೆ ಮತ್ತೆ ಶುರುವಾಯಿತು.

ಒಳ್ಳೆಯದನ್ನು ನೆನೆದು ಬರೆಯುವ ಡೈರಿ ಬಗ್ಗೆಯೂ ಕೇಳಿದ್ದೀರಿ. ನಾನು ದಿನಾ ಬರೆದು ನೋಡಿದೆ, ಬೇಗ ಬೇಸರವಾಯಿತು. ಈಗ ಸೋಮವಾರ ಮಾತ್ರ ಮೂರು ಸಾಲು ಬರೆಯುತ್ತೇನೆ. ವಾರಕ್ಕೊಮ್ಮೆ ಬರೆದವರಿಗೇ ಹೆಚ್ಚು ಉಪಯೋಗವಾಯಿತು ಎಂದು ಒಂದು ಅಧ್ಯಯನದಲ್ಲೂ ಕಂಡಿದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ ಬಿಟ್ಟುಹೋಗಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದರೆ ರೊಟ್ಟಿ, ನಡಿಗೆ ಎಂದು ಕಾಯಬೇಡಿ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗಿಲ್ಲದಿದ್ದರೆ ಏಳು ಗಂಟೆಗೆ ಬೀಗ ತೆಗೆದ ಕೂಡಲೇ ಒಲೆ ಮೇಲೆ ನೀರು ಇಡಿ. ಅಂಗಡಿಯ ಪ್ಯಾಕೆಟ್ ಹಿಟ್ಟು ಬೇಡ, ಹಳೆಯದಾದರೆ ಜಿಗಿ ಹೋಗಿರುತ್ತದೆ, ಎಷ್ಟು ಬಡಿದರೂ ಸೀಳುತ್ತದೆ. ಒಂದೆರಡು ಕಿಲೋ ಬಿಳಿಜೋಳ ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಪಕ್ಕದ ರೂಮಿನಲ್ಲಿ ಯಾರಿದ್ದಾರೆ ಎಂದು ನೀವು ಬರೆದಿಲ್ಲ. ಅವರನ್ನೂ ಸೇರಿಸಿ ಹಿಟ್ಟು ಕಲಸಿ.